ಗ್ರೂಪಿನಿಂದ ‘ಲೆಫ್ಟ್’ ಆಗುವ ಮುನ್ನ



ಈ ಸಲದ ಸಂಪಾದಕೀಯದ ವಿಷಯ ನೋಡಿ ಕೆಲವರಿಗೆ ನಗು ಬಂದೀತು. ಸಂಬಳ ಬಾಕಿ, ವೀಸಾದ ತೊಂದರೆ, ಊರಿನಲ್ಲಿರುವ ಮಕ್ಕಳ ಶಾಲಾ ಫೀಸು ಹೀಗೆ ಬರೆಯಲು ಎಷ್ಟೋ ಉಂಟು. ಅದೆಲ್ಲ ಬಿಟ್ಟು ವಾಟ್ಸ್‌ಆ್ಯಪ್ ಗ್ರೂಪಿನ ಬಗ್ಗೆ ಬರೆಯುವುದಾ ಅಂತ ಕೇಳಬಹುದು. ಬರೆಯಲೇಬೇಕಾಗಿ ಬಂದಿದೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇವೆ.

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಕಮಿಟಿಯ ಒಬ್ಬರಿಗೆ ದುಬೈ ಸೋನಾಪುರದ ಕ್ಯಾಂಪಿನಿಂದ ಫೋನ್ ಬಂತು. ಬಂಟ್ವಾಳ ಕಡೆಯ ನಮ್ಮ ಒಬ್ಬ ಸಹೋದರ, ಗಾರೆ ಕೆಲಸದವರು, ಡ್ಯೂಟಿ ಮುಗಿಸಿ ಬಂದು ಮಲಗಿದವರು ಮತ್ತೆ ಏಳಲಿಲ್ಲ. ರೂಮಿನಲ್ಲಿ ಇದ್ದವರು ಬೇರೆ ರಾಜ್ಯದವರು. ಅವರಿಗೆ ಇವರ ಹೆಸರು ಗೊತ್ತು, ಊರಿನ ಹೆಸರು ಅರ್ಧ ಗೊತ್ತು, ಮನೆಯವರ ನಂಬರ್ ಗೊತ್ತಿಲ್ಲ. ಮೊಬೈಲಿಗೆ ಲಾಕ್. ನಮ್ಮ ಸದಸ್ಯತ್ವದ ಫಾರಂ ತೆಗೆದು ನೋಡಿದೆವು. ಅದರಲ್ಲಿ ಮನೆಯ ನಂಬರ್ ಇತ್ತು. ಕರೆ ಮಾಡಿದರೆ ಆ ನಂಬರ್ ಚಾಲ್ತಿಯಲ್ಲೇ ಇಲ್ಲ. ಫಾರಂ ತುಂಬಿಸಿ ಆರು ವರ್ಷ ಆಗಿತ್ತು. ಆ ಮೇಲೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗ್ರೂಪಿನಲ್ಲಿ ಹಾಕಿದೆವು. ಇಂಥ ಊರಿನವರು ಯಾರಾದರೂ ಇದ್ದೀರಾ, ಇಂಥವರ ಮನೆಯವರ ಪರಿಚಯ ಉಂಟಾ ಎಂದು. ಹತ್ತು ನಿಮಿಷದಲ್ಲಿ ಮೂವತ್ತು ಜನ ‘ಇನ್ನಾಲಿಲ್ಲಾಹಿ’ ಬರೆದರು. ಮನೆಯವರ ಪರಿಚಯ ಇದ್ದವರು ಒಬ್ಬರೂ ಬರಲಿಲ್ಲ. ಮರುದಿನ ಮಧ್ಯಾಹ್ನ ಊರಿನ ಮಸೀದಿಯ ಜಮಾಅತ್ ಕಾರ್ಯದರ್ಶಿಯವರನ್ನು ಹಿಡಿದು, ಅವರು ಸ್ಕೂಟರಿನಲ್ಲಿ ಮನೆಗೆ ಹೋಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿಯಾಗಿತ್ತು. ಕ್ಯಾಂಪಿನಲ್ಲಿ ಯಾರೋ ತೆಗೆದ ಮಯ್ಯತ್ತಿನ ಫೋಟೋ ನಮ್ಮ ಗ್ರೂಪಿಗೂ ಬಂದು, ಇಲ್ಲಿಂದ ಇನ್ನೊಂದಕ್ಕೆ ಹಾರಿ, ಮರ್ಹೂಮರ ಹನ್ನೊಂದನೇ ಕ್ಲಾಸಿನ ಮಗಳ ಮೊಬೈಲಿಗೆ ತಲುಪಿತ್ತು. ತಂದೆ ತೀರಿಹೋದ ಸುದ್ದಿ ಆ ಮಗುವಿಗೆ ಸಿಕ್ಕಿದ್ದು ಹಾಗೆ.

ಇಷ್ಟೆಲ್ಲ ಆದ ಮೇಲೆ ನಮಗೆ ಗೊತ್ತಾಯಿತು, ಅಜ್ಮಾನಿನಲ್ಲಿ ಮರ್ಹೂಮರ ಪಕ್ಕದ ಮನೆಯ ಹುಡುಗನೇ ಕೆಲಸಕ್ಕಿದ್ದಾನೆ ಎಂದು. ನಮ್ಮ ಸದಸ್ಯನೇ. ಅವನಿಗೆ ಒಂದು ಮೆಸೇಜು ಮುಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮನೆಯ ಹಿರಿಯರೊಬ್ಬರಿಗೆ ಮೆಲ್ಲಗೆ ಹೇಳುವ ವ್ಯವಸ್ಥೆ ಆಗುತ್ತಿತ್ತು. ಆದರೆ ಅವನು ನಾಲ್ಕು ತಿಂಗಳ ಹಿಂದೆಯೇ ಗ್ರೂಪಿನಿಂದ ‘ಲೆಫ್ಟ್’ ಆಗಿದ್ದ.

ಯಾಕಪ್ಪಾ ಬಿಟ್ಟೆ ಅಂತ ಕೇಳಿದೆವು. ಅವನು ಸಿಟ್ಟು ಮಾಡಲಿಲ್ಲ. “ದಿನಕ್ಕೆ ಇನ್ನೂರು ಮೆಸೇಜು ಬರ್ತದೆ. ಗುಡ್ ಮಾರ್ನಿಂಗ್ ಹೂವು, ಊರಿನ ಇಲೆಕ್ಷನ್ ಜಗಳ, ಯಾರದ್ದೋ ಮದುವೆ ವಿಡಿಯೋ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದವ ಯಾವುದನ್ನು ಓದ್ಲಿ, ಯಾವುದನ್ನು ಬಿಡ್ಲಿ? ಮೊಬೈಲ್ ಫುಲ್ ಆಗಿ ಮನೆಯವರ ಫೋಟೋ ಕೂಡ ಡೌನ್‌ಲೋಡ್ ಆಗ್ತಿರ್ಲಿಲ್ಲ” ಅಂದ.

ನಮ್ಮಲ್ಲಿ ಉತ್ತರ ಇರಲಿಲ್ಲ. ಅವನು ಬಿಟ್ಟದ್ದು ಅವನ ತಪ್ಪು ಅಂತ ನಾವು ಹೇಳುವುದಿಲ್ಲ. ಬಿಟ್ಟು ಹೋಗುವ ಹಾಗೆ ಗ್ರೂಪನ್ನು ಇಟ್ಟುಕೊಂಡದ್ದು ಅಡ್ಮಿನ್‌ಗಳಾದ ನಮ್ಮ ತಪ್ಪು. ಇದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇವೆ.

ನಮ್ಮ ಹಿರಿಯ ಸದಸ್ಯರು ಹಳೆಯ ಕಾಲದ ಕಥೆ ಹೇಳುತ್ತಾರೆ. ಇಲ್ಲಿ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬರುವ ಪದ್ಧತಿ ಇಲ್ಲ. ಕಾಗದ ಬರುವುದು ಪೋಸ್ಟ್ ಬಾಕ್ಸಿಗೆ. ಕೂಲಿ ಕೆಲಸದವನಿಗೆ ಸ್ವಂತ ಬಾಕ್ಸ್ ಎಲ್ಲಿಂದ? ಕಂಪೆನಿಯದ್ದೋ, ಪರಿಚಯದ ಅಂಗಡಿಯದ್ದೋ ಬಾಕ್ಸ್ ನಂಬರ್ ಊರಿಗೆ ಬರೆದು ಕಳಿಸಬೇಕು. ಶುಕ್ರವಾರ ಜುಮಾ ಮುಗಿಸಿ ಅಂಗಡಿಗೆ ಹೋದರೆ ಯಜಮಾನರು ಕಾಗದಗಳನ್ನು ಹೆಸರು ನೋಡಿ ಬೇರೆ ಮಾಡಿ ಇಟ್ಟಿರುತ್ತಿದ್ದರು. ರೂಮು ಬದಲಾಯಿಸಿದವನು ಮೊದಲು ಅಂಗಡಿಯವರಿಗೆ ಹೇಳುತ್ತಿದ್ದ. ಊರಿಗೆ ಖಾಯಂ ಹೊರಟವನು “ಇನ್ನು ನನ್ನ ಹೆಸರಿಗೆ ಬಂದರೆ ಇಂಥವನ ಕೈಯಲ್ಲಿ ಕೊಡಿ” ಅಂತ ಹೇಳಿಯೇ ಹೊರಡುತ್ತಿದ್ದ. ಹೇಳದೆ ಹೋದರೆ ಕಾಗದ ಹಾಳಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಈಗ ಕೈಯಲ್ಲಿ ಮೊಬೈಲ್ ಬಂದಿದೆ. ಆದರೆ ಕಾಗದ ವಿಂಗಡಿಸಿ ಇಡುತ್ತಿದ್ದ ಅಂಗಡಿಯವರ ಕೆಲಸ ಯಾರೂ ಮಾಡುತ್ತಿಲ್ಲ. ವಿಳಾಸ ಬದಲಾದರೆ ಹೇಳುವ ಅಭ್ಯಾಸವೂ ಹೋಗಿದೆ. ನಂಬರ್ ತಾನಾಗಿಯೇ ಎಲ್ಲರಿಗೂ ಗೊತ್ತಾಗುತ್ತದೆ ಅಂತ ನಾವು ತಿಳಿದುಕೊಂಡಿದ್ದೇವೆ.

ಆ ಘಟನೆಯ ನಂತರ ಕಮಿಟಿಯವರು ಎರಡು ಶುಕ್ರವಾರ ಕೂತು ಸದಸ್ಯರ ರಿಜಿಸ್ಟರನ್ನೂ ಗ್ರೂಪಿನ ಪಟ್ಟಿಯನ್ನೂ ಒಂದಕ್ಕೊಂದು ತಾಳೆ ನೋಡಿದೆವು. ಲೆಕ್ಕದ ಕೆಲಸ ಮಾಡುವವರಿಗೆ ಇದು ಹೊಸತಲ್ಲ. ಪುಸ್ತಕದಲ್ಲಿ ಬಾಕಿ ಅಂತ ಬರೆದ ಮಾತ್ರಕ್ಕೆ ಹಣ ಇದೆ ಅಂತ ಅಲ್ಲ. ವರ್ಷಕ್ಕೊಮ್ಮೆ ಪಾರ್ಟಿಗೆ ಕಾಗದ ಕಳಿಸಿ, ಹೌದಾ ಅಂತ ಕೇಳಿ, ಸಹಿ ತರಿಸಿಕೊಳ್ಳಬೇಕು. ಗಿರಾಕಿಗಳ ಬಾಕಿಗೆ ಮಾಡುವ ಈ ಕೆಲಸವನ್ನು ನಮ್ಮ ಜನರ ಹೆಸರಿಗೆ ನಾವು ಒಂದು ಸಲವೂ ಮಾಡಿರಲಿಲ್ಲ.

ತಾಳೆ ನೋಡಿದಾಗ ಸಿಕ್ಕಿದ್ದು ಏನು? ರಿಜಿಸ್ಟರಿನಲ್ಲಿ ಇದ್ದು ಗ್ರೂಪಿನಲ್ಲಿ ಇಲ್ಲದವರು ಇದ್ದರು. ಗ್ರೂಪಿನಲ್ಲಿ ಇದ್ದು ರಿಜಿಸ್ಟರಿನಲ್ಲಿ ಇಲ್ಲದವರೂ ಇದ್ದರು. ಒಬ್ಬನೇ ವ್ಯಕ್ತಿ ಮೂರು ನಂಬರಿನಲ್ಲಿ ಮೂರು ಸಲ ಇದ್ದ, ಮೂರರಲ್ಲಿ ಎರಡು ಸತ್ತ ನಂಬರ್. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗಿ ಎಷ್ಟೋ ವರ್ಷ ಆದವರ ಇಲ್ಲಿನ ನಂಬರ್ ಇನ್ನೂ ಪಟ್ಟಿಯಲ್ಲಿ ಕೂತಿತ್ತು. ಎರಡು ನಂಬರ್ ಯಾರದ್ದು ಎಂದು ಹತ್ತು ಜನರನ್ನು ಕೇಳಿದರೂ ಗೊತ್ತಾಗಲಿಲ್ಲ. ನಮ್ಮವರ ಕಷ್ಟ, ಕಾಯಿಲೆ, ಸಂಬಳದ ಜಗಳ ಎಲ್ಲವನ್ನೂ ಆ ಇಬ್ಬರು ಅಪರಿಚಿತರು ಓದುತ್ತಾ ಇದ್ದರು ಅಂತಾಯಿತು.

ಹಾಗಾಗಿ ಕಮಿಟಿ ಕೆಲವು ತೀರ್ಮಾನ ಮಾಡಿದೆ.

ಇನ್ನು ಮುಂದೆ ಎರಡು ಗ್ರೂಪು. ಒಂದು ‘ಸೂಚನೆ’ ಗ್ರೂಪು. ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಮರಣ, ಅಪಘಾತ, ರಕ್ತದ ಅಗತ್ಯ, ಕಾಣೆಯಾದವರು, ಸರಕಾರದ ಅಥವಾ ಕಾನ್ಸುಲೇಟಿನ ಮುಖ್ಯ ಪ್ರಕಟಣೆ, ಸಭೆಯ ದಿನಾಂಕ ಇಷ್ಟೇ ಅದರಲ್ಲಿ ಬರುತ್ತದೆ. ಏನೂ ಇಲ್ಲದ ದಿನ ಏನೂ ಬರುವುದಿಲ್ಲ. ಇನ್ನೊಂದು ಮಾತುಕತೆಯ ಗ್ರೂಪು. ಅದರಲ್ಲಿ ಮದುವೆ ಶುಭಾಶಯವೂ ಇರಲಿ, ಊರಿನ ಮಳೆಯ ವಿಡಿಯೋವೂ ಇರಲಿ. ಅದಕ್ಕೆ ಬರುವುದು, ಬಿಡುವುದು ನಿಮ್ಮ ಇಷ್ಟ. ಬಿಟ್ಟವರ ಮೇಲೆ ಯಾರೂ ಬೇಸರ ಮಾಡಬಾರದು, “ಯಾಕೆ ಬಿಟ್ಟ?” ಅಂತ ಗ್ರೂಪಿನಲ್ಲಿ ಚರ್ಚೆಯೂ ಬೇಡ. ಆದರೆ ಸೂಚನೆ ಗ್ರೂಪಿನಿಂದ ಮಾತ್ರ ದಯವಿಟ್ಟು ಹೊರಗೆ ಹೋಗಬೇಡಿ. ಅದರಲ್ಲೂ ಗುಡ್ ಮಾರ್ನಿಂಗ್ ಬರಲು ಶುರುವಾದರೆ ಮೊದಲು ನಮ್ಮನ್ನು ಬಯ್ಯಿರಿ, ಆಮೇಲೆ ಬಿಡಿ.

ದಿನಾ ನೋಡಲು ಪುರುಸೊತ್ತಿಲ್ಲದವರಿಗೆ ಪ್ರತಿ ಶುಕ್ರವಾರ ಬೆಳಿಗ್ಗೆ ವಾರದ ಎಲ್ಲ ವಿಷಯಗಳನ್ನು ಒಟ್ಟು ಮಾಡಿ ಒಂದೇ ಚೀಟಿಯಾಗಿ ಕಳಿಸುತ್ತೇವೆ. ಓದಲು ಬಾರದವರಿಗಾಗಿ ಅದನ್ನೇ ಬ್ಯಾರಿ ಭಾಷೆಯಲ್ಲಿ ಎರಡು ನಿಮಿಷದ ಧ್ವನಿ ಸಂದೇಶವಾಗಿಯೂ ಹಾಕುತ್ತೇವೆ. ಸಾದಾ ಫೋನ್ ಇಟ್ಟುಕೊಂಡವರು ರೂಮಿನಲ್ಲಿರುವ ಒಬ್ಬರ ಹೆಸರು, ನಂಬರ್ ಕೊಟ್ಟರೆ ಸಾಕು, ಅವರ ಮೂಲಕ ತಿಳಿಸುತ್ತೇವೆ.

ಈಗ ಸದಸ್ಯರ ಕಡೆಯಿಂದ ಆಗಬೇಕಾದ್ದು.

ಮೊದಲನೆಯದು, ಕಿರಿಕಿರಿ ಆದರೆ ಬಿಡುವುದೊಂದೇ ದಾರಿ ಅಲ್ಲ. ಗ್ರೂಪಿನ ಹೆಸರು ಒತ್ತಿದರೆ ‘ಮ್ಯೂಟ್’ ಅಂತ ಉಂಟು. 8 ಗಂಟೆ, ಒಂದು ವಾರ, ಅಥವಾ ಯಾವಾಗಲೂ ಅಂತ ಆರಿಸಿಕೊಳ್ಳಬಹುದು. ಶಬ್ದ ಬರುವುದಿಲ್ಲ, ನಿದ್ದೆ ಕೆಡುವುದಿಲ್ಲ, ನೀವು ಪಟ್ಟಿಯಲ್ಲಿ ಇರುತ್ತೀರಿ. ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿದರೆ ಮೊಬೈಲ್ ತುಂಬುವ ತೊಂದರೆಯೂ ಮುಗಿಯಿತು. ಸೂಚನೆ ಗ್ರೂಪನ್ನು ಮಾತ್ರ ಮ್ಯೂಟ್ ಮಾಡಬೇಡಿ. ಮಾತುಕತೆಯ ಗ್ರೂಪನ್ನು ಬಿಡಲೇಬೇಕು ಅಂತಿದ್ದರೆ ನಾಚಿಕೆ ಪಡಬೇಕಾಗಿಲ್ಲ. ಈಗ ಒಬ್ಬರು ಬಿಟ್ಟರೆ ಎಲ್ಲರಿಗೂ ಡಂಗುರ ಆಗುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ.

ಎರಡನೆಯದು, ನಂಬರ್ ಬದಲಾಯಿಸುವಾಗ. ಇಲ್ಲಿನ ಸಿಮ್ ನಿಮ್ಮ ಎಮಿರೇಟ್ಸ್ ಐಡಿಗೆ ಕಟ್ಟಿದ್ದು. ವೀಸಾ ಮುಗಿದು ಊರಿಗೆ ಹೋದ ಮೇಲೆ ಆ ನಂಬರ್ ನಿಮ್ಮದಾಗಿ ಉಳಿಯುವುದಿಲ್ಲ, ಒಂದು ದಿನ ಬೇರೆಯವರ ಕೈಗೆ ಹೋಗುತ್ತದೆ. ಹೆಚ್ಚಿನವರು ಹೊಸ ಸಿಮ್ ಹಾಕಿ ವಾಟ್ಸ್‌ಆ್ಯಪನ್ನು ಮೊದಲಿನಿಂದ ಶುರು ಮಾಡುತ್ತಾರೆ. ಆಗ ಹಳೆ ನಂಬರ್ ಗ್ರೂಪಿನಲ್ಲೇ ಉಳಿಯುತ್ತದೆ, ಹೊಸ ನಂಬರ್ ಹೊರಗೆ ಇರುತ್ತದೆ. ಹಾಗೆ ಮಾಡಬೇಡಿ. ಸೆಟ್ಟಿಂಗ್ಸಿನಲ್ಲಿ ‘ಅಕೌಂಟ್’, ಅದರೊಳಗೆ ‘ಚೇಂಜ್ ನಂಬರ್’ ಉಂಟು. ಹಳೆಯದು, ಹೊಸದು ಎರಡೂ ಬರೆದರೆ ನಿಮ್ಮ ಎಲ್ಲ ಗ್ರೂಪುಗಳು ಹೊಸ ನಂಬರಿಗೆ ತಾವಾಗಿಯೇ ಬರುತ್ತವೆ. ಐದು ನಿಮಿಷದ ಕೆಲಸ. ಬರದಿದ್ದರೆ ರೂಮಿನಲ್ಲಿ ಓದಿದ ಹುಡುಗರ ಕೈಯಲ್ಲಿ ಮಾಡಿಸಿಕೊಳ್ಳಿ. ಆದರೆ ಮೆಸೇಜಿನಲ್ಲಿ ಬರುವ ಆರು ಅಂಕಿಯ ಕೋಡನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ, ಕಮಿಟಿಯವರು ಅಂತ ಹೇಳಿಕೊಂಡು ಕೇಳಿದರೂ ಹೇಳಬೇಡಿ. ನಾವು ಎಂದೂ ಅದನ್ನು ಕೇಳುವುದಿಲ್ಲ.

ಊರಿನ ಬ್ಯಾಂಕಿಗೆ ಕೊಟ್ಟ ನಂಬರಿಗೂ ಇದೇ ಮಾತು. ಓಟಿಪಿ ಹಳೆ ನಂಬರಿಗೆ ಹೋಗುತ್ತಾ ಇದ್ದರೆ ಸ್ವಂತ ದುಡ್ಡು ಸ್ವಂತ ಕೈಗೆ ಸಿಗುವುದಿಲ್ಲ. ಊರಿನ ಸಿಮ್ಮನ್ನು ರಿಚಾರ್ಜ್ ಮಾಡದೆ ಡ್ರಾಯರಿನಲ್ಲಿ ಇಟ್ಟರೆ ಕೆಲವು ತಿಂಗಳಲ್ಲಿ ಅದೂ ಬಂದ್ ಆಗುತ್ತದೆ.

ಮೂರನೆಯದು, ಗ್ರೂಪಿಗೆ ಬರೆಯುವುದು ಯಾವುದು, ಒಬ್ಬರಿಗೆ ಬರೆಯುವುದು ಯಾವುದು ಎಂಬ ವಿವೇಕ. ಕಂಪೆನಿಯ ಮೇಲಿನ ದೂರು, ಪಾಸ್‌ಪೋರ್ಟಿನ ಫೋಟೋ, ಆಸ್ಪತ್ರೆಯ ರಿಪೋರ್ಟು ಇವೆಲ್ಲ ಗ್ರೂಪಿಗೆ ಹಾಕುವ ವಸ್ತು ಅಲ್ಲ. ಅಡ್ಮಿನ್‌ಗೆ ನೇರವಾಗಿ ಕಳಿಸಿ. ಇಲ್ಲಿನ ಕಾನೂನು ಕೂಡ ಎಲ್ಲರೂ ತಿಳಿದಿರಬೇಕು. ಯುಎಇಯಲ್ಲಿ ವದಂತಿ ಮತ್ತು ಸೈಬರ್ ಅಪರಾಧಗಳ ಮೇಲಿನ 2021ರ 34ನೇ ಕಾಯ್ದೆ 2022ರ ಜನವರಿ 2ರಿಂದ ಜಾರಿಯಲ್ಲಿದೆ. ಸುಳ್ಳು ಸುದ್ದಿ ಹಂಚುವುದು, ಅಪಘಾತದಲ್ಲಿ ಗಾಯಗೊಂಡವರ ಅಥವಾ ತೀರಿಹೋದವರ ಫೋಟೋ ಅನುಮತಿ ಇಲ್ಲದೆ ತೆಗೆದು ಹಂಚುವುದು, ಪರವಾನಗಿ ಇಲ್ಲದೆ ಆನ್‌ಲೈನಿನಲ್ಲಿ ದೇಣಿಗೆ ಎತ್ತುವುದು ಎಲ್ಲವೂ ಅಪರಾಧ. “ನಾನು ಫಾರ್ವರ್ಡ್ ಮಾಡಿದ್ದು ಮಾತ್ರ” ಎಂಬ ಮಾತು ಪೊಲೀಸ್ ಸ್ಟೇಷನ್ನಿನಲ್ಲಿ ನಡೆಯುವುದಿಲ್ಲ. ಊರಿನ ರೋಗಿಯೊಬ್ಬರಿಗೆ ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದ ಅಕೌಂಟ್ ನಂಬರ್ ಹಾಕಿ ಹಣ ಕೇಳುವವರೂ ಈ ಕಾನೂನಿನ ಒಳಗೇ ಬರುತ್ತಾರೆ. ಸಹಾಯಕ್ಕೆ ಪರವಾನಗಿ ಇರುವ ಸಂಸ್ಥೆಗಳ ದಾರಿ ಉಂಟು, ನಮ್ಮನ್ನು ಕೇಳಿ.

ಮರಣದ ಸುದ್ದಿಗೆ ನಾವೇ ಒಂದು ನಿಯಮ ಹಾಕಿಕೊಂಡಿದ್ದೇವೆ. ಮನೆಯವರಿಗೆ ತಿಳಿದಿದೆ ಅಂತ ಖಾತ್ರಿ ಆಗುವ ತನಕ ಹೆಸರು ಹಾಕುವುದಿಲ್ಲ, ಫೋಟೋ ಯಾವತ್ತೂ ಹಾಕುವುದಿಲ್ಲ. “ಇಂಥ ಊರಿನವರು ತುರ್ತಾಗಿ ಈ ನಂಬರಿಗೆ ಕರೆ ಮಾಡಿ” ಅಂತ ಮಾತ್ರ ಬರೆಯುತ್ತೇವೆ. ಅದನ್ನು ನೋಡಿದವರು ಕಾರಣ ಕೇಳಿ ಗ್ರೂಪಿನಲ್ಲಿ ಬರೆಯಬೇಡಿ. ಆ ಊರಿನವರು ಗೊತ್ತಿದ್ದರೆ ಫೋನ್ ಮಾಡಿ ಎಬ್ಬಿಸಿ.

ನಾಲ್ಕನೆಯದು, ಊರಿಗೆ ಖಾಯಂ ಹೊರಡುವಾಗ ಒಂದು ಮಾತು ಹೇಳಿ ಹೊರಡಿ. ಇಲ್ಲಿನ ನಂಬರ್ ತೆಗೆದು, ಬೇಕಿದ್ದರೆ ಊರಿನ ನಂಬರ್ ಸೇರಿಸುತ್ತೇವೆ. ಊರಿಗೆ ಹೋದವರ ಸಂಬಂಧ ಕಡಿಯಬೇಕು ಅಂತ ಅಲ್ಲ. ಆ ರಾತ್ರಿ ನಮಗೆ ಬೇಕಾಗಿದ್ದದ್ದು ಊರಿನಲ್ಲಿರುವ ಒಬ್ಬ ಹಳೆಯ ಸದಸ್ಯನ ಚಾಲ್ತಿ ನಂಬರೇ ಅಲ್ಲವೇ?

ಇಲ್ಲಿ ಇನ್ನೊಂದು ವಿಷಯ ಬಾಯಿ ಬಿಟ್ಟು ಹೇಳಬೇಕು. ಪಟ್ಟಿ ತಾಳೆ ನೋಡುವಾಗ, ಗ್ರೂಪು ಬಿಟ್ಟ ಕೆಲವರಿಗೆ ಫೋನ್ ಮಾಡಿದೆವು. ಒಬ್ಬರು ಮೊದಲು ಏನೇನೋ ಕಾರಣ ಹೇಳಿದರು. ಕೊನೆಗೆ, “ಎರಡು ವರ್ಷದ ವಂತಿಗೆ ಬಾಕಿ ಉಂಟಲ್ವಾ ಮಾರಾಯ್ರೇ, ಗ್ರೂಪಿನಲ್ಲಿ ಬಾಕಿದಾರರ ಪಟ್ಟಿ ಹಾಕಿದ್ರೆ ಎಂತ ಮಾಡೋದು, ಅದಕ್ಕೇ ಬಿಟ್ಟೆ” ಅಂದರು. ಆರು ತಿಂಗಳಿನಿಂದ ಅವರಿಗೆ ಸಂಬಳವೇ ಸರಿಯಾಗಿ ಬಂದಿರಲಿಲ್ಲ. ಸಹಾಯ ಕೇಳಬೇಕಾದ ಹೊತ್ತಿಗೆ, ಸಹಾಯ ಕೇಳುವ ಜಾಗದಿಂದಲೇ ನಾಚಿಕೊಂಡು ಎದ್ದು ಹೋಗಿದ್ದರು.

ಕಮಿಟಿಯ ಒಳಗೆ ಇದರ ಬಗ್ಗೆ ಎರಡು ಅಭಿಪ್ರಾಯ ಉಂಟು. ವಂತಿಗೆ ಕೊಡದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು, ಇಲ್ಲದಿದ್ದರೆ ಕೊಡುವವರೂ ನಿಲ್ಲಿಸುತ್ತಾರೆ ಎನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಹಣ ಇಲ್ಲದೆ ಸಂಘ ನಡೆಯುವುದಿಲ್ಲ ಎಂದು ಲೆಕ್ಕ ಬರೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಅಭಿಪ್ರಾಯ ಬೇರೆ. ಲೆಡ್ಜರಿನಲ್ಲಿ ಹೆಸರಿನ ಕಾಲಂ ಬೇರೆ, ಬಾಕಿಯ ಕಾಲಂ ಬೇರೆ. ಬಾಕಿ ಜಾಸ್ತಿ ಆಯಿತು ಅಂತ ಹೆಸರಿಗೇ ಗೀಟು ಎಳೆದರೆ ಆಮೇಲೆ ಬಾಕಿ ಕೇಳುವುದು ಯಾರನ್ನು? ಅದಕ್ಕಿಂತ ಮುಖ್ಯವಾಗಿ, ವಂತಿಗೆ ಕೊಡಲಾಗದ ಸ್ಥಿತಿಯಲ್ಲಿ ಇರುವವನೇ ನಾಳೆ ನಮಗೆ ಫೋನ್ ಮಾಡಬೇಕಾದವನು. ಕೆಲಸ ಹೋದವನು, ಕಾಯಿಲೆ ಬಿದ್ದವನು, ಕಂಪೆನಿ ಮುಚ್ಚಿ ಕ್ಯಾಂಪಿನಲ್ಲಿ ಕೂತವನು. ಅವನನ್ನು ಪಟ್ಟಿಯಿಂದ ತೆಗೆದು ಇನ್ಯಾರಿಗೆ ಸಂಘ ನಡೆಸುವುದು?

ಆದ್ದರಿಂದ ಈ ಪತ್ರಿಕೆಯ ಕಡೆಯಿಂದ ಸ್ಪಷ್ಟವಾಗಿ ಹೇಳುತ್ತೇವೆ. ಸೂಚನೆ ಗ್ರೂಪಿನಲ್ಲಿ ಇರಲು ವಂತಿಗೆಯ ರಶೀದಿ ತೋರಿಸಬೇಕಾಗಿಲ್ಲ. ಬಾಕಿದಾರರ ಹೆಸರು ಯಾವ ಗ್ರೂಪಿನಲ್ಲೂ ಬರಬಾರದು. ವಸೂಲಿ ಮಾಡುವವರು ಒಬ್ಬೊಬ್ಬರ ಹತ್ತಿರ ಖಾಸಗಿಯಾಗಿ ಮಾತಾಡಲಿ. ಬರುವ ಮಹಾಸಭೆಯಲ್ಲಿ ಇದನ್ನು ನಿಯಮವಾಗಿಯೇ ಬರೆಯಬೇಕು ಎಂದು ನಾವು ಒತ್ತಾಯಿಸುತ್ತೇವೆ. ಭಿನ್ನಾಭಿಪ್ರಾಯ ಇದ್ದವರು ಅಲ್ಲಿಗೆ ಬಂದು ಮಾತಾಡಿ, ಮುಂದಿನ ಸಂಚಿಕೆಗೆ ಬರೆದರೂ ಪ್ರಕಟಿಸುತ್ತೇವೆ.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಚಿಕ್ಕ ಫಾರಂ ಉಂಟು. ಹೆಸರು, ಇಲ್ಲಿನ ನಂಬರ್, ರೂಮು ಅಥವಾ ಕ್ಯಾಂಪು, ರಕ್ತದ ಗುಂಪು, ಊರಿನ ಮಸೀದಿಯ ಹೆಸರು. ಅದರ ಕೆಳಗೆ ಊರಿನ ಎರಡು ನಂಬರ್. ಒಂದು ಮನೆಯದ್ದು. ಇನ್ನೊಂದು, ಕೆಟ್ಟ ಸುದ್ದಿಯನ್ನು ಮನೆಯವರಿಗೆ ಸಮಾಧಾನದಲ್ಲಿ ಹೇಳಬಲ್ಲ ಒಬ್ಬ ಹಿರಿಯರದ್ದು. ಈ ಎರಡನೆಯದನ್ನು ಸ್ವಲ್ಪ ಯೋಚನೆ ಮಾಡಿ ಬರೆಯಿರಿ. ಯಾರು ಬೇಕು ಅಂತ ನಿಮಗೆ ಮಾತ್ರ ಗೊತ್ತು. ಈ ಕಾಗದಗಳು ಕಾರ್ಯದರ್ಶಿಯವರ ಕಪಾಟಿನಲ್ಲಿ ಇರುತ್ತವೆ, ಗ್ರೂಪಿಗೆ ಬರುವುದಿಲ್ಲ. ಇದು ನಮ್ಮ ಮೇಲೆ ನಿಮ್ಮ ಅಮಾನತ್. ವರ್ಷಕ್ಕೊಮ್ಮೆ, ಶಅಬಾನ್ ತಿಂಗಳಲ್ಲಿ, ಒಬ್ಬೊಬ್ಬರಿಗೂ ಫೋನ್ ಮಾಡಿ ನಂಬರ್ ಸರಿ ಉಂಟಾ ಅಂತ ಕೇಳುವ ಜವಾಬ್ದಾರಿಯನ್ನು ನಾವು ತೆಗೆದುಕೊಳ್ಳುತ್ತೇವೆ.

ಒಂದು ಪ್ರತಿಯನ್ನು ನಿಮ್ಮ ಪರ್ಸಿನಲ್ಲೂ ಇಟ್ಟುಕೊಳ್ಳಿ. ಮೊಬೈಲಿಗೆ ಲಾಕ್ ಇರುತ್ತದೆ, ಕಾಗದಕ್ಕೆ ಲಾಕ್ ಇರುವುದಿಲ್ಲ. ರೂಮಿನಲ್ಲಿ ಬೇರೆ ಊರಿನವರೇ ಇದ್ದರೆ, ಅವರಲ್ಲಿ ಒಬ್ಬರಿಗೆ ಹೇಳಿಡಿ. ಅವರ ಮನೆಯ ನಂಬರನ್ನು ನೀವೂ ಬರೆದಿಟ್ಟುಕೊಳ್ಳಿ.

ಮರ್ಹೂಮರ ಮಯ್ಯತ್ ಊರಿಗೆ ತಲುಪಿ, ಅವರ ಬಾಕಿ ಸಂಬಳ ಮತ್ತು ಗ್ರಾಚ್ಯುಯಿಟಿಯ ಹಣ ಮನೆಯವರ ಕೈ ಸೇರುವ ತನಕ ನಮ್ಮವರು ಓಡಾಡಿದರು, ಅಲ್ಹಮ್ದುಲಿಲ್ಲಾಹ್. ಅಜ್ಮಾನಿನ ಹುಡುಗ ಈಗ ಸೂಚನೆ ಗ್ರೂಪಿನ ಅಡ್ಮಿನ್‌ಗಳಲ್ಲಿ ಒಬ್ಬ. ಕಳೆದ ವಾರ ಗ್ರೂಪಿಗೆ ಒಂದೇ ಒಂದು ಮೆಸೇಜು ಬಂತು, ಶಾರ್ಜಾದ ಆಸ್ಪತ್ರೆಯಲ್ಲಿದ್ದ ಒಬ್ಬ ಸಹೋದರನಿಗೆ ರಕ್ತ ಬೇಕೆಂದು. ಒಂದು ಗಂಟೆಯೊಳಗೆ ನಾಲ್ಕು ಜನ ಹೊರಟಿದ್ದರು. ಅದರಲ್ಲಿ ಇಬ್ಬರು, ಮೊದಲು ಗ್ರೂಪು ಬಿಟ್ಟು ಈಗ ವಾಪಸ್ ಬಂದವರು.

ಫಾರಂ ಕತ್ತರಿಸಿ ತುಂಬಿಸಿ ಈ ಶುಕ್ರವಾರವೇ ಕೊಡಿ. ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ, ಆಮೀನ್.